‘ಮೊದ್ಲು ಲುಕ್ ಬರ್ಲಿ ಸರ್’: ಕ್ಯಾರವಾನ್ ಕಟ್ಟಿಸಲು ಹೊರಟವನ ಅಳಲು

ಹಳೆಯ ಟಿಟಿಯನ್ನು (ಟೆಂಪೋ ಟ್ರಾವೆಲರ್ ವ್ಯಾನನ್ನು) ಕ್ಯಾರವಾನ್, ಅಂದರೆ ಒಳಗೇ ಉಂಡು ಮಲಗಬಹುದಾದ ಗಾಡಿ, ಮಾಡಿಕೊಡುತ್ತೇವೆ ಎಂದು ಬೋರ್ಡ್ ಹಾಕಿಕೊಂಡಿರುವವರು ‘ಆಪ್ಶನಲ್’ ಎಂಬ ಹೆಸರಿನಲ್ಲಿ ಗಿರಾಕಿಗೆ ಏನನ್ನು ಕಟ್ಟುತ್ತಿದ್ದಾರೆ ಎಂಬುದನ್ನು ಬರೆಯದಿದ್ದರೆ ನನಗೆ ಸಮಾಧಾನವಾಗುವುದಿಲ್ಲ. ಅಮ್ಮನಿಗೆ ಮಂಡಿನೋವು. ಧರ್ಮಸ್ಥಳ, ಕುಕ್ಕೆ, ತಲಕಾವೇರಿ, ಮಲೆ ಮಹದೇಶ್ವರ ಬೆಟ್ಟ ಎಂದು ಅವರಿಗೆ ಹೋಗಬೇಕಾದ ಊರುಗಳು ಬೇಕಾದಷ್ಟಿವೆ, ಆದರೆ ದಾರಿಯಲ್ಲಿ ಕಾಲು ಚಾಚಿ ಮಲಗಲು ಜಾಗ, ಶುಚಿಯಾದ ಶೌಚಾಲಯ, ಹೊತ್ತಿಗೆ ಸರಿಯಾಗಿ ಒಂದು ತುತ್ತು ಮೆತ್ತಗಿನ ಅನ್ನ ಸಿಗದೆ ಪ್ರತಿ ಪ್ರಯಾಣವೂ ಅವರ ಪಾಲಿಗೆ ಶಿಕ್ಷೆಯಾಗುತ್ತಿತ್ತು. ಆ ಕಾರಣಕ್ಕೆ ಟಿಟಿಯೊಂದನ್ನು ಕೊಂಡು, ಮೈಸೂರಿನ ಹೊರವಲಯದ ಒಂದು ಬಾಡಿ ಕಟ್ಟುವ ಶೆಡ್ಡಿನಲ್ಲಿ ಕೊಟೇಶನ್ ಕೇಳಿದೆ.

ಬಂದ ಕೊಟೇಶನ್ನಿನಲ್ಲಿ ಮೂಲ ಕೆಲಸಕ್ಕೆ ಒಂದು ದರ, ಅದರ ಮೇಲೆ ಮೂರು ಪ್ಯಾಕೇಜುಗಳು. ಛಾವಣಿಯಲ್ಲಿ ನಕ್ಷತ್ರದಂತೆ ಮಿನುಗುವ ದೀಪಗಳು, ರಿಮೋಟಿನಿಂದ ಬಣ್ಣ ಬದಲಿಸುವ ಪಟ್ಟಿಗಳು, 43 ಇಂಚಿನ ಟಿವಿ, ಹೊಲಿಗೆ ಹಾಕಿದ ರೆಕ್ಸಿನ್ ಸೋಫಾ, ಅಡುಗೆ ಕಟ್ಟೆಗೆ ಗ್ರಾನೈಟ್, ಗೋಡೆಯುದ್ದಕ್ಕೂ ಕನ್ನಡಿ. ಪುಟ ತಿರುವಿ ತಿರುವಿ ಹುಡುಕಿದರೂ ಛಾವಣಿಯ ತಗಡಿಗೂ ಒಳಗಿನ ಪ್ಲೈವುಡ್ಡಿಗೂ ನಡುವೆ ಶಾಖ ತಡೆಯುವ ಪದರವಿರಲಿಲ್ಲ, ನೀರಿನ ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ಮೀಟರ್ ಇರಲಿಲ್ಲ, ಪಾತ್ರೆ ತೊಳೆದ ನೀರು ಹೋಗಿ ನಿಲ್ಲಲು ಪ್ರತ್ಯೇಕ ಟ್ಯಾಂಕ್ ಇರಲಿಲ್ಲ. ಕೇಳಿದರೆ ಮಾಲೀಕರ ಉತ್ತರ: “ಅದೆಲ್ಲ ಆಮೇಲೆ ಹಾಕಿಸ್ಕೋಬಹುದು ಸರ್, ಮೊದ್ಲು ಲುಕ್ ಬರ್ಲಿ.”

ನನ್ನ ಸಿಟ್ಟೆಲ್ಲ ಇರುವುದು ಈ ಒಂದು ಮಾತಿನ ಮೇಲೆ, ಏಕೆಂದರೆ ಇದು ಪೂರ್ತಿ ತಲೆಕೆಳಗಾದ ಮಾತು. ಟಿವಿಯನ್ನು ದೇವರಾಜ ಅರಸು ರಸ್ತೆಯಲ್ಲಿ ಯಾವಾಗ ಬೇಕಾದರೂ ಕೊಂಡು ತಂದು ನಾಲ್ಕು ಸ್ಕ್ರೂ ಹಾಕಿ ಕೂರಿಸಬಹುದು. ಹಾಸಿಗೆ, ಪರದೆ, ಬಣ್ಣದ ದೀಪಗಳೂ ಅಷ್ಟೇ. ಆದರೆ ತಗಡಿನ ಒಳಮೈಗೆ ಅಂಟಿಸಬೇಕಾದ ಶಾಖ ನಿರೋಧಕ ಪದರ, ಗೋಡೆಯೊಳಗೆ ಎಳೆಯಬೇಕಾದ ದಪ್ಪ ತಂತಿ, ನೆಲದ ಕೆಳಗೆ ಕೂರಬೇಕಾದ ಟ್ಯಾಂಕ್, ಛಾವಣಿ ಕೊಯ್ದು ಇಡಬೇಕಾದ ಫ್ಯಾನ್, ಇವು ಪ್ಲೈವುಡ್ ಮುಚ್ಚುವ ಮುಂಚೆ ಆಗಬೇಕಾದ ಕೆಲಸಗಳು, ಆಮೇಲೆ ಬೇಕೆಂದರೆ ಕಟ್ಟಿದ್ದನ್ನೆಲ್ಲ ಕಿತ್ತು ಮತ್ತೆ ಕಟ್ಟಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಮಂಡ್ಯದ ಬಯಲಿನಲ್ಲಿ ಬರಿ ತಗಡಿನ ಗಾಡಿಯನ್ನು ನಿಲ್ಲಿಸಿ ಒಳಗೆ ಕೂತು ನೋಡಿದವರಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಎಸಿಯ ವಿಷಯಕ್ಕೆ ಬಂದರೆ ಇನ್ನೂ ಸಂಕಟ. ಮೂರರಲ್ಲಿ ಮೇಲ್ದರ್ಜೆಯ ಪ್ಯಾಕೇಜಿನಲ್ಲಿ ಮನೆಗೆ ಹಾಕುವ ಒಂದು ಟನ್ನಿನ ಎಸಿ, ಅದಕ್ಕೆ ಇನ್ವರ್ಟರ್, 150 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಒಂದು ಟ್ಯೂಬ್ಯುಲರ್ ಸೀಸದ ಬ್ಯಾಟರಿ ಇದ್ದು, “ರಾತ್ರಿಯಿಡೀ ತಣ್ಣಗೆ” ಎಂದು ಪಕ್ಕದಲ್ಲೇ ಅಚ್ಚಾಗಿದೆ. ಲೆಕ್ಕ ಹಾಕಿ ನೋಡಿ: 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಇರುವುದು 1800 ವ್ಯಾಟ್-ಅವರ್, ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇಪದೇ ಇಳಿಸಿದರೆ ಅದರ ಆಯಸ್ಸು ಕುಗ್ಗುವುದರಿಂದ ನಮಗೆ ದಕ್ಕುವುದು 900. ಆ ಎಸಿ ಕಂಪ್ರೆಸರ್ ಪೂರ್ತಿ ಓಡುವಾಗ ಸುಮಾರು 1000 ವ್ಯಾಟ್ ಎಳೆಯುತ್ತದೆ. ಇನ್ವರ್ಟರಿನಲ್ಲಿ ಕಳೆದುಹೋಗುವ ಪಾಲನ್ನೂ ಸೇರಿಸಿದರೆ ಮುಕ್ಕಾಲು ಗಂಟೆಗೆ ಎಲ್ಲ ಮುಗಿಯಿತು. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅಲ್ಲಿದ್ದ ಸೇಲ್ಸಿನ ಹುಡುಗ “ಕಸ್ಟಮರ್ ಯಾರೂ ಇಷ್ಟೆಲ್ಲ ಕೇಳಲ್ಲ ಸರ್” ಎಂದ. ಕೇಳುವುದಿಲ್ಲ ಎಂಬ ಧೈರ್ಯದ ಮೇಲೆಯೇ ಈ ಸಾಲು ಅಚ್ಚಾಗಿದೆ. ಅದೇ ಹಣಕ್ಕೆ ಛಾವಣಿಗೆ 12 ವೋಲ್ಟಿನ ಗಾಳಿ ಎಳೆಯುವ ಫ್ಯಾನ್, ಎರಡು ಸೋಲಾರ್ ಫಲಕ, 100 ಎಎಚ್‌ನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಕೊಟ್ಟರೆ, ತಲಕಾವೇರಿಯ ತಂಪಿನಲ್ಲಿ ಎಸಿಯೇ ಬೇಡವಾದ ನನ್ನಂಥವರ ಇಡೀ ರಾತ್ರಿ ಸುಖವಾಗಿ ಕಳೆಯುತ್ತದೆ. ಅದು ಯಾವ ಪ್ಯಾಕೇಜಿನಲ್ಲಿಯೂ ಇಲ್ಲ.

ತೂಕದ ಬಗ್ಗೆಯಂತೂ ಆ ಶೆಡ್ಡಿನಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಗಾಡಿಯ ಆರ್‌ಸಿಯಲ್ಲಿ ಖಾಲಿ ತೂಕ, ಭರ್ತಿ ತೂಕ ಎಂದು ಎರಡು ಅಂಕಿಗಳಿರುತ್ತವೆ, ಅವುಗಳ ನಡುವಿನ ಅಂತರದೊಳಗೆ ಜನ, ನೀರು, ಗ್ಯಾಸು, ಸಾಮಾನು, ಇವರು ಕಟ್ಟುವ ಮರ ಎಲ್ಲವೂ ಹಿಡಿಸಬೇಕು. 20 ಮಿ.ಮೀ. ದಪ್ಪದ ಗ್ರಾನೈಟು ಚದರ ಅಡಿಗೆ ಸುಮಾರು 5 ಕೆಜಿ ತೂಗುತ್ತದೆ. 18 ಮಿ.ಮೀ.ನ ಎಂಟಡಿ-ನಾಲ್ಕಡಿ ಪ್ಲೈವುಡ್ ಹಾಳೆಯೊಂದು 30 ಕೆಜಿ ದಾಟುತ್ತದೆ. 150 ಲೀಟರ್ ನೀರೆಂದರೆ 150 ಕೆಜಿ. ಆ ಟ್ಯೂಬ್ಯುಲರ್ ಬ್ಯಾಟರಿಯೊಂದೇ 50 ಕೆಜಿಗಿಂತ ಹೆಚ್ಚು. ಇಷ್ಟನ್ನೂ ಹೇರಿಕೊಂಡು ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕಿಗೆ ಏನಾಗುತ್ತದೆ ಎಂದು ಯೋಚಿಸುವ ಹೊಣೆ ಯಾರದು? ಕಬ್ಬಿನ ಗಾಡಿಯ ತೂಕದಲ್ಲಿ ಹತ್ತು ಕೆಜಿ ಹೆಚ್ಚುಕಡಿಮೆಯಾದರೆ ಜಗಳಕ್ಕೆ ನಿಲ್ಲುವ ನಮ್ಮ ಜಿಲ್ಲೆಗಳಲ್ಲಿ, ಕೆಲಸ ಶುರುವಾಗುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ವೇ ಬ್ರಿಡ್ಜಿಗೆ ಹತ್ತಿಸಿ ಚೀಟಿ ಕೊಡಿ ಎಂದು ಕೇಳಿದ್ದನ್ನು ಅವರು ಅತಿರೇಕದ ಬೇಡಿಕೆಯಂತೆ ನೋಡಿದರು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ಹೊರತಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು ನೆನಪಿಸಿದೆ. “ಆರ್‌ಟಿಒ ವಿಷ್ಯ ನೀವೇ ನೋಡ್ಕೊಳ್ಳಿ” ಎಂದರು. ಬಣ್ಣದ ದೀಪ ಅವರದು, ಕಾಗದಪತ್ರದ ತೊಂದರೆ ನಮ್ಮದು.

ಅಮೆರಿಕದಲ್ಲಿ ನೆಲೆಸಿರುವ ನನ್ನ ಭಾವಮೈದ ಫಿಫ್ತ್ ವೀಲ್ ಎಂಬ ಬಗೆಯ ಟ್ರೇಲರ್ ಇಟ್ಟುಕೊಂಡಿದ್ದಾನೆ. ಪಿಕಪ್ ಟ್ರಕ್ಕಿನ ಹಿಂಬದಿಯ ತೊಟ್ಟಿಯೊಳಗೆ, ಹಿಂದಿನ ಆಕ್ಸಲಿನ ನೇರಕ್ಕೆ ಕೂರಿಸಿದ ಕೊಂಡಿಗೆ ಸಿಕ್ಕಿಸುವ ಟ್ರೇಲರ್ ಅದು, ಅದರ ತೂಕದ ಐದನೇ ಒಂದು ಪಾಲಿನಿಂದ ಕಾಲು ಪಾಲಿನವರೆಗೆ ಟ್ರಕ್ಕಿನ ಮೇಲೆಯೇ ಬೀಳುತ್ತದೆ. ಅಲ್ಲಿಯೂ ಬೇಡದ್ದನ್ನು ಕಡ್ಡಾಯ ಪ್ಯಾಕೇಜಿನಲ್ಲಿ ಸೇರಿಸುವ ಚಾಳಿ ಇದೆಯಂತೆ. ಆದರೆ ಗಟ್ಟಿ ಆಕ್ಸಲ್, ಹೆಚ್ಚು ಭಾರ ತಾಳುವ ಟೈರ್, ಡಿಸ್ಕ್ ಬ್ರೇಕ್, ಎರಡು ಪದರದ ಗಾಜಿನ ಕಿಟಕಿ, ಸೋಲಾರಿಗೆ ಮೊದಲೇ ಎಳೆದಿಟ್ಟ ತಂತಿ ಇಂಥವನ್ನು ಕಾರ್ಖಾನೆಯಲ್ಲೇ ಕೇಳಿ ಹಾಕಿಸಿಕೊಳ್ಳಲು ದಾರಿಯಿದೆ, ಜೊತೆಗೆ ಇನ್ನೆಷ್ಟು ಭಾರ ಹೇರಬಹುದು ಎಂದು ಮುದ್ರಿಸಿದ ಹಳದಿ ಚೀಟಿಯೊಂದನ್ನು ಬಾಗಿಲ ಬಳಿ ಅಂಟಿಸಿರುತ್ತಾರೆ. ನಮ್ಮಲ್ಲಿ ಆ ಒಂದು ಅಂಕಿಯನ್ನು ಕೇಳಿದ್ದಕ್ಕೆ ನಾನು ತಕರಾರಿನ ಮನುಷ್ಯನಾದೆ.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ನೋಯಿಸಿದ್ದು ಮೆಟ್ಟಿಲು. ಅವರು ಸಿದ್ಧಮಾಡಿ ನಿಲ್ಲಿಸಿದ್ದ ಇನ್ನೊಬ್ಬರ ಗಾಡಿಯನ್ನು ತೋರಿಸಲು ಅಮ್ಮನನ್ನೂ ಕರೆದೊಯ್ದಿದ್ದೆ. ನೆಲದಿಂದ ಮೊದಲ ಮೆಟ್ಟಿಲಿಗೆ ನನ್ನ ಮೊಣಕಾಲಿನವರೆಗಿನ ಎತ್ತರ. ಹಿಡಿದುಕೊಳ್ಳಲು ಒಂದು ಸರಳು ಕೂಡ ಇಲ್ಲ, ಇರಬೇಕಾದ ಜಾಗದಲ್ಲಿ ನೀಲಿ ಬೆಳಕು ಚೆಲ್ಲುವ ಹೆಸರುಫಲಕ. ಅಮ್ಮ ಎಡಗಾಲನ್ನು ಎತ್ತಿಟ್ಟರು, ಬಲಗೈಯಿಂದ ಬಾಗಿಲಿನ ರಬ್ಬರ್ ಬೀಡಿಂಗ್ ಹಿಡಿದರು, ಅದು ಕಿತ್ತು ಕೈಗೆ ಬಂತು. ನಾನು ಹಿಂದಿನಿಂದ ಆತುಕೊಳ್ಳದಿದ್ದರೆ ಬಿದ್ದೇ ಬಿಡುತ್ತಿದ್ದರು. ಹೊರಗೆ ಚಾಚಿಕೊಳ್ಳುವ ಒಂದು ಮಡಚುವ ಮೆಟ್ಟಿಲು ಮತ್ತು ಎರಡು ಸ್ಟೀಲ್ ಸರಳು, ಲೇತಿನವರಲ್ಲಿ ಒಂದು ಮಧ್ಯಾಹ್ನದ ಕೆಲಸ. ಅದನ್ನು ಸೇರಿಸಿ ಎಂದರೆ “ಸೈಡ್ ಲುಕ್ ಹಾಳಾಗುತ್ತೆ” ಎಂಬ ಉತ್ತರ. ವಯಸ್ಸಾದವರಿಗಾಗಿ ಎಂದು ಹೇಳಿಯೇ ಮಾಡಿಸುವ ಗಾಡಿಗೆ ಈ ಉತ್ತರ ಕೊಡಲು ಅವರಿಗೆ ಹೇಗೆ ಮನಸ್ಸು ಬಂತೋ ನನಗೆ ಅರ್ಥವಾಗುತ್ತಿಲ್ಲ.

ಗ್ಯಾಸಿನದೂ ಹೀಗೆಯೇ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ, ಆದ್ದರಿಂದ ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೂತು ಇರಬೇಕು. ಅವರ ಗೂಡಿನಲ್ಲಿ ತೂತು ಮೇಲ್ಗಡೆ ಇತ್ತು, ಅಲಂಕಾರದ ಜಾಲರಿಯ ಹಿಂದೆ.

ಪ್ಯಾಕೇಜ್ ಒಡೆದು, ಒಂದೊಂದಕ್ಕೂ ಪ್ರತ್ಯೇಕ ದರ ಹಾಕಿ ಕೊಡಿ ಎಂದು ಬರೆದು ಕೊಟ್ಟು ಬಂದೆ. “ಹಾಗೆ ಕೊಡೋ ಪದ್ಧತಿ ಇಲ್ಲ” ಎಂದು ಫೋನ್ ಬಂತು. ಮುಂಗಡ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಶಾಖ ನಿರೋಧಕ, ನೀರು ತಾಳುವ ಐಎಸ್ 710 ಗುರುತಿನ ಪ್ಲೈವುಡ್, ಫ್ಯೂಸ್ ಇರುವ ವೈರಿಂಗ್, ಎರಡು ಟ್ಯಾಂಕು, ಮೆಟ್ಟಿಲು, ಸರಳು, ಮೊದಲೂ ಕೊನೆಯೂ ತೂಕದ ಚೀಟಿ: ಇಷ್ಟಕ್ಕೆ ಬಿಡಿಬಿಡಿಯಾಗಿ ದರ ಬರೆದು ಸಹಿ ಹಾಕಿ ಕೊಡುವ ಬಾಡಿಯವರು ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಇದ್ದರೆ ದಯವಿಟ್ಟು ತಿಳಿಸಿ, ಗಾಡಿ ಸದ್ಯಕ್ಕೆ ಮನೆಯ ಮುಂದೆ ನಿಂತಿದೆ.