ಆ ರೈಲು ಉಳಿಸಿದವರು ಯಾರು?

ನಿನ್ನೆ ರಾತ್ರಿ ಮಗಳ ಜೊತೆ ಜೋರು ಮಾತಾಯಿತು. ಕಾರಣ ಬ್ರಿಟನ್ನಿನ ಮಾಜಿ ಮಂತ್ರಿ, ಟಿವಿಯಲ್ಲಿ ರೈಲು ಪಯಣ ತೋರಿಸುವ ಮೈಕೆಲ್ ಪೋರ್ಟಿಲೊ. ಕೈಯಲ್ಲಿ ಬ್ರಾಡ್‌ಶಾ ಎಂಬ ಹಳೇ ರೈಲು ಪ್ರಯಾಣದ ಗೈಡು, ಮೈಮೇಲೆ ಕಣ್ಣು ಕುಕ್ಕುವ ಬಣ್ಣದ ಕೋಟು. ನಮ್ಮ ಮೈಸೂರಿನಿಂದ ಚೆನ್ನೈಗೆ ರೈಲಲ್ಲಿ ಹೋಗುವ ಆ ಬಿಬಿಸಿ ಕಾರ್ಯಕ್ರಮ ಹಾಕಿಕೊಂಡು ಕೂತಿದ್ದಳು. "ಎಷ್ಟು ಒಳ್ಳೇ ಮನುಷ್ಯ ಅಪ್ಪಾ, ರೈಲು ಅಂದ್ರೆ ಪ್ರಾಣ" ಅಂದಳು. ನನಗೆ ತಡೆಯಲಾಗಲಿಲ್ಲ.

ನಾನು ಗ್ಯಾಂಗ್‌ಮನ್ ಮಗ, ನಿಮಗೆ ಗೊತ್ತೇ ಇದೆ. ಅಪ್ಪ ನಸುಕಿನಲ್ಲೇ ಸುತ್ತಿಗೆ ಹಿಡಿದು ಹಳಿ ಮೇಲೆ ಹೊರಡುತ್ತಿದ್ದ. ಆ ಸುತ್ತಿಗೆಯ ಹಿಡಿ ಸವೆದು ಸವೆದು ಅವನ ಅಂಗೈಯ ಅಚ್ಚೇ ಆಗಿತ್ತು. ರೈಲಿನ ಹೆಸರಲ್ಲಿ ಯಾರಿಗಾದರೂ ಕೀರ್ತಿ ಹೋದರೆ ನಾನು ಮೊದಲು ಕೇಳುವುದು: ಹಳಿ ಕಾದವರು ಯಾರು?

ಈ ಮನುಷ್ಯ ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ಥ್ಯಾಚರ್ ಗರಡಿಯವನು. 1984ರಲ್ಲಿ ಸಂಸದ. 1990ರಲ್ಲಿ, ಸಿರಿವಂತನಿಗೂ ಕೂಲಿಯವನಿಗೂ ಒಂದೇ ದರ ಹಾಕಿದ ಆ ತಲೆಗಂದಾಯವನ್ನು ಸಮರ್ಥಿಸುತ್ತಾ ತಿರುಗಿದ ಮಂತ್ರಿ. ಬ್ರಿಟಿಷ್ ರೈಲನ್ನು ಖಾಸಗಿಯವರ ಕೈಗೆ ಕೊಡುವ ಕಾನೂನು 1993ರಲ್ಲಿ ಬಂದಾಗ ಪ್ರಧಾನಿ ಜಾನ್ ಮೇಜರ್ ಸಂಪುಟದಲ್ಲಿ ಕೂತಿದ್ದವನು. ಇದೆಲ್ಲ ಒಂದು ಗುಲಾಬಿ ಕೋಟಿನ ಹಿಂದೆ ಹೇಗೆ ಮರೆಯಾಯಿತು?

"ಉತ್ತರ ಇಂಗ್ಲೆಂಡಿನ ಸೆಟಲ್–ಕಾರ್ಲೈಲ್ ರೈಲು ಮಾರ್ಗ ಉಳಿಸಿದ್ದು ಅವರೇ ಅಲ್ಲವಾ?" ಎಂದು ನಿಮ್ಮಲ್ಲೇ ಯಾರಾದರೂ ಕೇಳುತ್ತೀರಿ. ಹೌದು, 1989ರಲ್ಲಿ ಮುಚ್ಚುವುದಿಲ್ಲ ಎಂಬ ತೀರ್ಮಾನ ಬಂದಾಗ ಸಾರಿಗೆ ಖಾತೆಯಲ್ಲಿ ಅವರಿದ್ದರು. ತನ್ನ ರಾಜಕೀಯದ ದೊಡ್ಡ ಸಾಧನೆ ಅದೇ ಎಂದೂ ಹೇಳಿಕೊಳ್ಳುತ್ತಾರೆ. ಸಹಿ ಹಾಕುವುದಕ್ಕೂ ಮನಸ್ಸು ಬೇಕು, ಒಪ್ಪಿದೆ. ಆದರೆ ಆ ಸಹಿಯವರೆಗೆ ಎಳೆದು ತಂದವರು ಯಾರು? ಆ ಮಾರ್ಗದ ರಿಬಲ್‌ಹೆಡ್‌ನ 24 ಕಮಾನಿನ ಸೇತುವೆ ರಿಪೇರಿಗೆ ದುಡ್ಡು ಸುರಿಯಲಾಗದು, ಮಾರ್ಗವನ್ನೇ ಮುಚ್ಚೋಣ ಎಂದು ರೈಲ್ವೆಯವರು ಹೊರಟಾಗ ಸಾವಿರಾರು ಜನ ವರ್ಷಗಟ್ಟಲೆ ಹೋರಾಡಿದರು. ಅವರಲ್ಲಿ ಗ್ರಹಾಂ ನಟ್ಟಲ್ ಒಬ್ಬ. ಅವನ ನಾಯಿ ರಸಪ್ ಕೂಡ ಟಿಕೆಟ್ ಪಡೆದ ಪ್ರಯಾಣಿಕ, ಹಾಗಾಗಿ ಆಕ್ಷೇಪಣೆ ಪತ್ರದಲ್ಲಿ ಅದರ ಪಂಜದ ಗುರುತೂ ಇತ್ತು!

ಮಾರ್ಗ ಉಳಿಯಿತು. ವರ್ಷ ತುಂಬುವ ಮೊದಲೇ, 1990ರ ಜನವರಿಯಲ್ಲಿ, ವೇಲ್ಸ್ ಬೆಟ್ಟಕ್ಕೆ ನಾಯಿ ಜೊತೆ ನಡೆಯಲು ಹೋದ ನಟ್ಟಲ್ ಹಿಂದಿರುಗಲಿಲ್ಲ. ಹೆಣ ಸಿಕ್ಕಿದ್ದು ಏಪ್ರಿಲ್‌ನಲ್ಲಿ. ಆ ಚಳಿಗಾಲದ 11 ವಾರ ರಸಪ್ ಯಜಮಾನನ ಪಕ್ಕ ಬಿಟ್ಟು ಕದಲಿರಲಿಲ್ಲ. ಅಂತ್ಯಕ್ರಿಯೆಯವರೆಗೂ ಜೀವ ಹಿಡಿದುಕೊಂಡಿದ್ದು, ಆಮೇಲೆ ಸತ್ತಿತು. ಇದನ್ನು ಬರೆಯುವಾಗಲೂ ನನ್ನ ಗಂಟಲು ಕಟ್ಟುತ್ತಿದೆ.

ಒಂದು ವಿಷಯ ಮುಚ್ಚಿಡಲಾರೆ. 1997ರ ಮೇ ತಿಂಗಳ ಚುನಾವಣೆಯಲ್ಲಿ ಲೇಬರ್ ಪಕ್ಷದ ಸ್ಟೀಫನ್ ಟ್ವಿಗ್ ಎದುರು 1,433 ಮತಗಳಿಂದ ರಕ್ಷಣಾ ಮಂತ್ರಿ ಪೋರ್ಟಿಲೊ ಸೋತಾಗ ಅಲ್ಲಿ ರಾತ್ರಿ ಮೂರು ದಾಟಿತ್ತು, ಇಲ್ಲಿ ಬೆಳಗಾಗಿತ್ತು. ರೇಡಿಯೊ ಮುಂದೆ ಕೂತಿದ್ದ ನಾನು ಕುಣಿದಾಡಿದ್ದೆ. ಆದರೆ ಆಮೇಲೆ ಆತ ಸೋಲನ್ನು ಒಪ್ಪಿಕೊಂಡ ಗಾಂಭೀರ್ಯ ನೋಡಿ ನಾಚಿಕೆಯಾಯಿತು. 2001ರಲ್ಲಿ ಒಂದೇ ಒಂದು ಮತದಿಂದ ಪಕ್ಷದ ನಾಯಕತ್ವ ಸ್ಪರ್ಧೆಯ ಕೊನೆಯ ಸುತ್ತು ತಪ್ಪಿದಾಗಲೂ ಕಹಿ ಕಾರಲಿಲ್ಲ. ಅದು ದೊಡ್ಡ ಗುಣ. ಆದರೂ ಗುಣವಂತ ಎಂಬ ಕಾರಣಕ್ಕೆ ಊರಿನವರ ಹೋರಾಟವನ್ನು ಅವರ ಖಾತೆಗೆ ಬರೆಯಲು ನಾನು ಒಪ್ಪುವುದಿಲ್ಲ.

ಮಗಳು ಟಿವಿ ಆರಿಸಿ, "ಆ ನಾಯಿ ಫೋಟೊ ಇದೆಯಾ?" ಅಂದಳು. ಅದೇ ಮಾರ್ಗದ ಗಾರ್ಸ್‌ಡೇಲ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಕಂಚಿನ ರಸಪ್ ಇದೆ. ತೋರಿಸಿದೆ. ತುಂಬ ಹೊತ್ತು ನೋಡಿದಳು. ಆಮೇಲೆ ಎದ್ದು ಹೋಗಿ, ಅಟ್ಟದ ಮೇಲಿದ್ದ ನನ್ನಪ್ಪನ ಸುತ್ತಿಗೆ ಇಳಿಸಿಕೊಂಡು ಬಂದಳು.