ಒಂದು ಪಿಕಪ್, ಒಂದು ಟ್ರೇಲರ್, ಮೂರು ತೂಕ

ಅಮೆರಿಕದಲ್ಲಿ ಸ್ವಂತ ಪಿಕಪ್‌ಗೆ ಭಾರದ ಟ್ರೇಲರ್ ಕಟ್ಟಿಕೊಂಡು ಓಡಾಡುವವರಲ್ಲಿ ಬಹಳ ಜನ ಕೇಳುವ ಮಾತು ಒಂದೇ: "ಗಾಡಿ ನಂದು, ಟ್ರೇಲರೂ ನಂದು, ಕಮರ್ಷಿಯಲ್ ರೂಲ್ಸ್ ನನಗ್ಯಾಕೆ?" ಗೊಂದಲದ ಮೂಲ ತೂಕ ಅನ್ನೋ ಪದದಲ್ಲೇ ಇದೆ. ಕಾನೂನಿನ ಲೆಕ್ಕದಲ್ಲಿ ಅದು ಒಂದಲ್ಲ, ಮೂರು. ಗಾಡಿ ತಯಾರಿಸಿದವರು ನಿಗದಿ ಮಾಡಿದ ಗರಿಷ್ಠ ತೂಕ, ಅಂದರೆ ಜಿವಿಡಬ್ಲ್ಯೂಆರ್. ರಿಜಿಸ್ಟ್ರೇಷನ್ ಮಾಡಿಸುವಾಗ ನೀವು ಬರೆದುಕೊಟ್ಟ ತೂಕ. ತಕ್ಕಡಿ ಮೇಲೆ ನಿಂತಾಗ ಕಾಣುವ ನಿಜವಾದ ತೂಕ. ಡೀಲರ್ ಹೇಳುವ "ಇಪ್ಪತ್ತು ಸಾವಿರ ಪೌಂಡ್ ಎಳೆಯುತ್ತೆ" ಅನ್ನೋ ಮಾತು ಈ ಮೂರರಲ್ಲಿ ಯಾವುದೂ ಅಲ್ಲ. ಅದು ಎಂಜಿನ್ನಿನ ತಾಕತ್ತು, ನಿಮಗೆ ಸಿಕ್ಕ ಪರವಾನಗಿ ಅಲ್ಲ. ಮಾರುವವರು ಇದನ್ನು ಗಿರಾಕಿಗೆ ಬಿಡಿಸಿ ಹೇಳಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಲೈಸೆನ್ಸ್. ಪಿಕಪ್ಪಿನ ಜಿವಿಡಬ್ಲ್ಯೂಆರ್ ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲಿನ ಸ್ಟಿಕ್ಕರಿನಲ್ಲಿರುತ್ತದೆ. ಟ್ರೇಲರಿನದು ಎಡಬದಿಯಲ್ಲಿ, ಮುಂದಿನ ಅರ್ಧಭಾಗದ ಪಟ್ಟಿಯ ಮೇಲೆ. ಎರಡನ್ನೂ ಕೂಡಿಸಿ. ಮೊತ್ತ 26,001 ಪೌಂಡ್ ಅಥವಾ ಹೆಚ್ಚಾಗಿ, ಅದರಲ್ಲಿ ಟ್ರೇಲರಿನ ಪಾಲು 10,000 ದಾಟಿದರೆ, ವ್ಯಾಪಾರದ ಕೆಲಸಕ್ಕೆ ಕ್ಲಾಸ್ ಎ ಸಿಡಿಎಲ್, ಅಂದರೆ ಕಮರ್ಷಿಯಲ್ ಡ್ರೈವರ್ ಲೈಸೆನ್ಸ್ ಬೇಕು. ಹಿಂದೆ ಜೋಡಿ ಚಕ್ರದ 14,000 ಪೌಂಡಿನ ಪಿಕಪ್, ತಲಾ 7,000 ಪೌಂಡಿನ ಎರಡು ಆಕ್ಸಲ್ ಇರುವ 14,000ದ ಟ್ರೇಲರ್: ಮೊತ್ತ 28,000, ಗೆರೆ ದಾಟಿತು. ಅದೇ ಟ್ರೇಲರನ್ನು 11,500ರ ಒಂಟಿ ಚಕ್ರದ ಪಿಕಪ್ಪಿಗೆ ಕಟ್ಟಿದರೆ 25,500, ದಾಟಲಿಲ್ಲ. ಟ್ರೇಲರ್ ಖಾಲಿ ಇದೆ ಅಂತ ವಾದಿಸಿ ಪ್ರಯೋಜನವಿಲ್ಲ, ಇಲ್ಲಿ ನೋಡುವುದು ಪಟ್ಟಿಯ ಮೇಲಿನ ಅಂಕಿ. ಪಟ್ಟಿಗಿಂತ ಜಾಸ್ತಿ ಹೇರಿದ್ದರೆ ಮಾತ್ರ ನಿಜವಾದ ತೂಕ ಲೆಕ್ಕಕ್ಕೆ ಬರುತ್ತದೆ. ಮಾರುಕಟ್ಟೆಯಲ್ಲಿ 9,990 ಪೌಂಡಿನ ಟ್ರೇಲರುಗಳು ಅಷ್ಟೊಂದು ಕಾಣುವುದು ಯಾಕೆ ಅಂತ ಈಗ ಗೊತ್ತಾಗಿರಬೇಕು.

ಖಾಸಗಿ ಬಳಕೆಗೆ ಸಿಡಿಎಲ್ ಬೇಡ, ಸರಿ. ಹಾಗಂತ ಮಾಮೂಲಿ ಕಾರ್ ಲೈಸೆನ್ಸ್ ಎಲ್ಲ ಕಡೆ ಸಾಕಾಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 10,000 ಪೌಂಡ್ ಮೀರಿದ ಟ್ರಾವೆಲ್ ಟ್ರೇಲರಿಗೆ, 15,000 ಮೀರಿದ ಫಿಫ್ತ್ ವೀಲಿಗೆ (ಪಿಕಪ್ಪಿನ ಹಿಂಬದಿ ತೊಟ್ಟಿಯೊಳಗೆ ಕೊಂಡಿ ಕೂರುವ ಟ್ರೇಲರ್) ನಾನ್‌ಕಮರ್ಷಿಯಲ್ ಕ್ಲಾಸ್ ಎ ಲೈಸೆನ್ಸ್ ತೆಗೆದುಕೊಳ್ಳಬೇಕು. ಟೆಕ್ಸಸ್‌ನಲ್ಲೂ 26,001ರ ಗೆರೆ ದಾಟಿದ ಜೋಡಿಗೆ ಸಿಡಿಎಲ್ ಅಲ್ಲದ ಕ್ಲಾಸ್ ಎ ಇದೆ.

ಇನ್ನು "ಖಾಸಗಿ" ಅನ್ನೋ ಮಾತು. ಆರ್‌ಸಿ ಯಾರ ಹೆಸರಲ್ಲಿದೆ ಅನ್ನೋದು ಇಲ್ಲಿ ಮುಖ್ಯವಲ್ಲ, ಆ ದಿನ ಗಾಡಿ ಯಾವ ಕೆಲಸಕ್ಕೆ ಹೊರಟಿದೆ ಅನ್ನೋದು ಮುಖ್ಯ. ಬಾಡಿಗೆ ಪಡೆಯದೆ, ಯಾವ ವ್ಯಾಪಾರಕ್ಕೂ ಅಲ್ಲದೆ, ಆಗೊಮ್ಮೆ ಈಗೊಮ್ಮೆ ಸ್ವಂತ ಸಾಮಾನು ಸಾಗಿಸುವವರಿಗೆ ಫೆಡರಲ್ ನಿಯಮದಲ್ಲಿ ವಿನಾಯಿತಿ ಇದೆ. ಹಿಂಬದಿಗೆ "ನಾಟ್ ಫಾರ್ ಹೈರ್" ಸ್ಟಿಕ್ಕರ್ ಅಂಟಿಸಿದರೆ ಆ ವಿನಾಯಿತಿ ಹುಟ್ಟಿಕೊಳ್ಳುವುದಿಲ್ಲ. ಕುದುರೆ ಪ್ರದರ್ಶನಕ್ಕೋ ರೇಸಿಗೋ ಹೋಗುವವರು ಡೀಸೆಲ್ ಖರ್ಚನ್ನು ತೆರಿಗೆಯಲ್ಲಿ ಬಿಸಿನೆಸ್ ಖರ್ಚೆಂದು ತೋರಿಸಿ, ರಸ್ತೆಯಲ್ಲಿ ಹವ್ಯಾಸ ಅಂದರೆ ನಡೆಯುವುದಿಲ್ಲ. ವ್ಯಾಪಾರ ಅಂತಾದರೆ ಗೆರೆ ತೀರಾ ಕೆಳಗಿಳಿಯುತ್ತದೆ: ರಾಜ್ಯದ ಗಡಿ ದಾಟುವ ಜೋಡಿಯ ಮೊತ್ತ 10,001 ಪೌಂಡ್ ಆದರೆ ಸಾಕು, ಯುಎಸ್‌ಡಾಟ್ (ಫೆಡರಲ್ ಸಾರಿಗೆ ಇಲಾಖೆ) ನಂಬರ್, ಮೆಡಿಕಲ್ ಕಾರ್ಡ್, ವಾರ್ಷಿಕ ತಪಾಸಣೆ ಎಲ್ಲ ಬಂತು. 7,000ದ ಸಣ್ಣ ಪಿಕಪ್, 3,500ರ ಹುಲ್ಲು ಕತ್ತರಿಸುವವರ ಟ್ರೇಲರ್, ಅಷ್ಟಕ್ಕೇ 10,500! ಸಣ್ಣ ಕಸುಬಿನವರು ಹೆಚ್ಚಾಗಿ ಸಿಕ್ಕಿಬೀಳುವ ಜಾಗ ಇದೇ, ಬೇಸರವೆನಿಸುತ್ತದೆ.

ರಿಜಿಸ್ಟ್ರೇಷನ್ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಲಿನಾಯ್‌ನಲ್ಲಿ ಬಿ ಪ್ಲೇಟ್ ಅಂದರೆ ಗಾಡಿ, ಹೊರೆ ಎಲ್ಲ ಸೇರಿ 8,000 ಪೌಂಡ್, ಅದರ ಮೇಲೆ 10,000ದವರೆಗೆ ಸಿ, 12,000ದವರೆಗೆ ಡಿ. ಟ್ರೇಲರಿಗೆ ಬೇರೆಯೇ ಪ್ಲೇಟ್. ಕೆಲವು ರಾಜ್ಯಗಳಲ್ಲಿ ಪಿಕಪ್ ಮತ್ತು ಟ್ರೇಲರಿನ ಒಟ್ಟು ತೂಕವನ್ನೇ ಘೋಷಿಸಬೇಕು. ಫೀ ಉಳಿಸಲು ಕಡಿಮೆ ತೂಕ ಬರೆಸುವುದು ಶುದ್ಧ ತಪ್ಪು ಲೆಕ್ಕ. ಉಳಿದ ಹಣಕ್ಕಿಂತ ಓವರ್‌ವೇಟ್ ದಂಡ ಭಾರವಾಗುತ್ತದೆ. ಕೌಂಟರಿಗೆ ಹೋಗುವ ಮೊದಲು ಹೊಸ ಟ್ರೇಲರಾದರೆ ತಯಾರಕರ ಮೂಲಪತ್ರ, ಹಳೆಯದಾದರೆ ಮಾರಿದವರು ಸಹಿ ಹಾಕಿದ ಟೈಟಲ್ ಕೈಯಲ್ಲಿರಲಿ. ಎರಡು ಪಟ್ಟಿಗಳ ಫೋಟೋ ಕೂಡ ಇರಲಿ. ಮನೆಯಲ್ಲೇ ಕಟ್ಟಿದ ಟ್ರೇಲರಾದರೆ ಸಾಮಾನ್ಯವಾಗಿ ತೂಕದ ಚೀಟಿ, ತಪಾಸಣೆ ಮತ್ತು ರಾಜ್ಯ ಕೊಡುವ ವಿಐಎನ್ (ಗಾಡಿಯ ಗುರುತಿನ ನಂಬರ್) ಬೇಕಾಗುತ್ತದೆ.

ಇಷ್ಟೆಲ್ಲ ಕಾಗದ ಸರಿಯಿದ್ದೂ ತಕ್ಕಡಿಯಲ್ಲಿ ಸೋಲುವವರಿದ್ದಾರೆ, ಕಾರಣ ನಾಲಿಗೆ ಭಾರ. ಟ್ರೇಲರಿನ ಮೂತಿ ಹಿಚ್ (ಪಿಕಪ್ಪಿನ ಕೊಂಡಿ) ಮೇಲೆ ಒತ್ತುವ ತೂಕ ಬಂಪರ್‌ಪುಲ್‌ನಲ್ಲಿ, ಅಂದರೆ ಪಿಕಪ್ಪಿನ ಹಿಂತುದಿಗೆ ಕಟ್ಟುವ ಟ್ರೇಲರಿನಲ್ಲಿ, ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15, ಫಿಫ್ತ್ ವೀಲ್‌ನಲ್ಲಿ ಶೇ. 15ರಿಂದ 25. ಇದು ಬೀಳುವುದು ಪಿಕಪ್ಪಿನ ಲೆಕ್ಕಕ್ಕೆ. 10,000 ಪೌಂಡಿನ ಟ್ರೇಲರ್ 1,500 ಒತ್ತಿತು ಅನ್ನಿ, ಬಾಗಿಲ ಸ್ಟಿಕ್ಕರಿನಲ್ಲಿ ಹೊರೆಯ ಮಿತಿಯೂ 1,500 ಅನ್ನಿ. ಹೆಂಡತಿ ಮಕ್ಕಳು ಹತ್ತುವ ಮೊದಲೇ ಗಾಡಿ ತುಂಬಿಹೋಯಿತು. ಮೂತಿ ಹಗುರ ಮಾಡೋಣ ಅಂತ ಸಾಮಾನು ಹಿಂದಕ್ಕೆ ತಳ್ಳಿದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸುತ್ತದೆ, ಅದು ಇನ್ನೂ ಅಪಾಯ.

ಹಾಗಾಗಿ ಹೊರಡುವ ಹೊರೆಯನ್ನೇ ಹೇರಿ, ಟ್ಯಾಂಕ್ ತುಂಬಿಸಿ, ಎಲ್ಲರೂ ಕೂತು, ಟ್ರಕ್ ಸ್ಟಾಪಿನ ತಕ್ಕಡಿಯಲ್ಲಿ ಎರಡು ಸಲ ತೂಗಿಸಿ: ಒಮ್ಮೆ ಟ್ರೇಲರ್ ಕಟ್ಟಿ, ಒಮ್ಮೆ ಬಿಚ್ಚಿ. ಕಟ್ಟಿದ್ದಾಗ ಪಿಕಪ್ಪಿನ ಎರಡು ಆಕ್ಸಲ್‌ಗಳ ಮೊತ್ತದಿಂದ ಬಿಚ್ಚಿದಾಗಿನ ಮೊತ್ತ ಕಳೆದರೆ ನಾಲಿಗೆ ಭಾರ ಸಿಗುತ್ತದೆ. ಆ ಎರಡೂ ಚೀಟಿ, ಎರಡೂ ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಕಾರ್ಡ್ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಒಟ್ಟಿಗಿರಲಿ.