ಎರಡೂ ಇಂಜೆಕ್ಷನ್ ಒಂದೇ ಅಲ್ಲ

ನಿಮ್ಮ ಲೇಖನದಲ್ಲಿ, ಮುಂಬೈ ತಬೇಲಾಗಳಲ್ಲಿ (ಹಾಲಿನ ಕೊಟ್ಟಿಗೆಗಳಲ್ಲಿ) ಎಮ್ಮೆಗಳಿಗೆ ‘ಬೆಳವಣಿಗೆ ಹಾರ್ಮೋನ್’ ಚುಚ್ಚುತ್ತಾರೆ ಎಂದು ಬರೆದಿದ್ದೀರಿ. ಇಲ್ಲಿ ದೂರು ಇರುವುದು ಆಕ್ಸಿಟೋಸಿನ್ ಎಂಬ ಬೇರೆ ಹಾರ್ಮೋನ್ ಬಗ್ಗೆ. ಕೆಚ್ಚಲಲ್ಲಿ ಆಗಲೇ ಇರುವ ಹಾಲನ್ನು ಇಳಿಸುವುದು ಅದರ ಕೆಲಸ. ಕರು ಬಾಯಿ ಹಾಕಿದರೆ ಎಮ್ಮೆಯ ಮೈಯಲ್ಲೇ ಅದು ಹುಟ್ಟುತ್ತದೆ. ಊರಲ್ಲಾದರೆ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಎದುರಿಗೆ ನಿಲ್ಲಿಸುತ್ತಿದ್ದರು, ಎಮ್ಮೆ ಅದನ್ನೇ ನೆಕ್ಕುತ್ತಾ ಹಾಲು ಬಿಡುತ್ತಿತ್ತು. ಮುಂಬೈಯ ಜೋಗೇಶ್ವರಿಯಂಥ ಕಡೆ ಜಾಗವೇ ಇಲ್ಲ, ಕರು ಉಳಿಸಿಕೊಳ್ಳುವವರು ಯಾರು? ಸೂಜಿಯೇ ಸುಲಭ, ಪಾಪ ಆ ಎಮ್ಮೆಗಳು.

ಅಮೆರಿಕದಲ್ಲಿ 1993ರಲ್ಲಿ ಒಪ್ಪಿಗೆ ಸಿಕ್ಕ, ಹಸುಗಳಿಗೆ ಚುಚ್ಚುವ ಬೆಳವಣಿಗೆ ಹಾರ್ಮೋನ್ ಆರ್‌ಬಿಎಸ್‌ಟಿ ಬೇರೆಯೇ. ಅದರಿಂದ ಹಾಲು ಜಾಸ್ತಿ, ಕೆಚ್ಚಲು ಬಾವೂ ಜಾಸ್ತಿ. ಕೆನಡಾ 1999ರಲ್ಲಿ ಅದನ್ನು ಬೇಡ ಎಂದಿತು.

ದೂರು ಕೊಡುವವರಿಗೆ ಸರಿಯಾದ ಹೆಸರು ಗೊತ್ತಿರಬೇಕು ಅಲ್ವಾ? ಹಾಲಿಗಾಗಿ ಪ್ರಾಣಿಯ ಆರೋಗ್ಯ ಕೆಡಿಸುವ ಚುಚ್ಚುಮದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಅಪರಾಧ. ದಯವಿಟ್ಟು ಆ ಪ್ಯಾರಾ ತಿದ್ದಿ.